ಜನವರಿ 17: ಹೆಸರು ಹೇಳಿ ಹೋದ ಗೌಹರ್ ಜಾನ್

ಮಕ್ಕಳನ್ನು ಸೇರಿಸಲು ಬರುವ ತಾಯಂದಿರಿಗೆ ನಾನು ಕೇಳುವ ಮೊದಲ ಪ್ರಶ್ನೆಗೇ ಬಹಳಷ್ಟು ಸಲ ಉತ್ತರ ಸಿಗುವುದಿಲ್ಲ.

"ನಿಮ್ಮ ಹೆಸರೇನಮ್ಮಾ?"

"ನಾನಾ? ಈ ಹುಡುಗನ ಅಮ್ಮಿ, ಆಪಾ."

"ಅದು ಗೊತ್ತಾಯಿತು. ನಿಮ್ಮ ಹೆಸರು?"

ಆಗ ಪಕ್ಕದಲ್ಲಿ ನಿಂತ ಗಂಡನ ಮುಖ ನೋಡುತ್ತಾರೆ. ಗಂಡ ಬಂದಿಲ್ಲದಿದ್ದರೆ ಚೀಲದಿಂದ ಆಧಾರ್ ಕಾರ್ಡ್ ತೆಗೆದು ನನ್ನ ಮುಂದಿಡುತ್ತಾರೆ, ಹೆಸರು ಅದರಲ್ಲಿದೆ ಎಂಬಂತೆ. ಆ ಕಾರ್ಡಿನಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು, ನಿಕಾಹ್‌ನಾಮೆಯಲ್ಲಿ ಮೂರನೆಯದು. ಒಮ್ಮೆ ಒಬ್ಬ ಸಹೋದರಿ ತನ್ನ ಹೆಸರನ್ನು ಎಷ್ಟು ಮೆಲ್ಲಗೆ ಹೇಳಿದರೆಂದರೆ ನಾನು ಮೂರು ಸಲ ಕೇಳಬೇಕಾಯಿತು. ಮೂರನೆಯ ಸಲ ಹೇಳುವಾಗ ಆಕೆಯ ಕಣ್ಣಲ್ಲಿ ನೀರಿತ್ತು. ಯಾಕೆಂದು ಕೇಳಲಿಲ್ಲ. ಕೇಳಬೇಕಿತ್ತೇನೋ.

ತಿಂಗಳಿಗೊಂದು ತಾರೀಕನ್ನು ಹಿಡಿದು ಅದರ ಹಿಂದೆ ಹೋಗುವುದು ಈ ಅಂಕಣದ ರೂಢಿ. ಈ ಬಾರಿ ಜನವರಿ 17ನ್ನು ತೆಗೆದುಕೊಂಡಿದ್ದೇನೆ. ಸಂಗೀತದ ಚರಿತ್ರೆಯಲ್ಲಿ ಅದು ನೆನಪಿಡಬೇಕಾದ ದಿನ. ಸಂಗೀತ ಎಂದ ಕೂಡಲೇ ಕೆಲವು ಓದುಗರು ಹುಬ್ಬೇರಿಸಬಹುದು. ಸಂಗೀತ ಮತ್ತು ವಾದ್ಯಗಳ ಬಗ್ಗೆ ಉಲಮಾಗಳ ನಡುವೆ ಇರುವ ಚರ್ಚೆಯನ್ನು ನಾನೂ ಮದ್ರಸದ ಬೆಂಚಿನ ಮೇಲೆ ಕೂತು ಓದಿದವಳೇ. ಅದನ್ನು ಬಗೆಹರಿಸುವುದು ಈ ಪುಟದ ಕೆಲಸವಲ್ಲ. ನಾನು ಹೇಳಹೊರಟಿರುವುದು ಒಬ್ಬ ಹೆಣ್ಣುಮಗಳ ಕಥೆ. ಅದು ಮುಗಿದದ್ದು ನನ್ನ ತವರೂರಾದ ಮೈಸೂರಿನಲ್ಲಿ, 1930ರ ಜನವರಿ 17ರಂದು, ಕೃಷ್ಣರಾಜೇಂದ್ರ ಆಸ್ಪತ್ರೆಯಲ್ಲಿ. ಕೆ.ಆರ್. ಆಸ್ಪತ್ರೆ ಎಂದರೆ ಮೈಸೂರಿನವರಿಗೆ ಬೇರೆ ಪರಿಚಯ ಬೇಡ. ಹೆರಿಗೆಗೆ, ಜ್ವರಕ್ಕೆ, ಮುರಿದ ಕೈಗೆ ನಮ್ಮ ಮನೆಯವರೆಲ್ಲ ಆ ಬಾಗಿಲು ತುಳಿದವರೇ. ಹಿಂದೂಸ್ಥಾನದಲ್ಲಿ ಒಂದು ಕಾಲಕ್ಕೆ ಎಲ್ಲರಿಗಿಂತ ಪ್ರಸಿದ್ಧಳಾಗಿದ್ದ ಗಾಯಕಿ ಅಲ್ಲೇ ಕೊನೆಯುಸಿರೆಳೆದಳು ಎಂಬುದು ನನಗೆ ಗೊತ್ತಾದಾಗ ನನಗೆ ಮೂವತ್ತು ದಾಟಿತ್ತು.

ಆಕೆಯ ಹೆಸರು ಗೌಹರ್ ಜಾನ್. ಗೌಹರ್ ಎಂದರೆ ಮುತ್ತು. ಆದರೆ ಹುಟ್ಟಿದಾಗ ಇಟ್ಟ ಹೆಸರು ಅದಲ್ಲ.

1873ರ ಜೂನ್ 26ರಂದು ಉತ್ತರ ಪ್ರದೇಶದ ಆಝಂಗಢದಲ್ಲಿ ಒಂದು ಕ್ರೈಸ್ತ ಮನೆಯಲ್ಲಿ ಹುಟ್ಟಿದ ಮಗು ಏಂಜಲಿನಾ ಯೋವರ್ಡ್. ತಂದೆ ಆರ್ಮೇನಿಯನ್ ಮೂಲದವರು, ಐಸ್ ಕಾರ್ಖಾನೆಯಲ್ಲಿ ಇಂಜಿನಿಯರ್. ತಾಯಿ ವಿಕ್ಟೋರಿಯಾ ಹೆಮ್ಮಿಂಗ್ಸ್. ಮಗುವಿಗೆ ಆರು ವರ್ಷವಾದಾಗ, 1879ರಲ್ಲಿ, ಗಂಡ ಹೆಂಡಿರ ಸಂಬಂಧ ಮುರಿದುಬಿತ್ತು. ತಾಯಿ ಮಗಳನ್ನು ಕರೆದುಕೊಂಡು ಬನಾರಸಿಗೆ ಹೋದರು. ಅಲ್ಲಿ ಇಬ್ಬರೂ ಇಸ್ಲಾಂ ಸ್ವೀಕರಿಸಿದರು. ವಿಕ್ಟೋರಿಯಾ ಮಲ್ಕಾ ಜಾನ್ ಆದರು, ಏಂಜಲಿನಾ ಗೌಹರ್ ಜಾನ್ ಆದಳು. 1883ರಲ್ಲಿ ತಾಯಿ ಮಗಳು ಕಲ್ಕತ್ತಕ್ಕೆ ಬಂದರು. ಲಖ್ನೋದ ಗದ್ದುಗೆ ಕಳೆದುಕೊಂಡ ನವಾಬ್ ವಾಜಿದ್ ಅಲಿ ಶಾಹ್ ಆಗ ಅಲ್ಲಿಯ ಮಟಿಯಾಬುರ್ಜಿನಲ್ಲಿ ತಮ್ಮದೇ ಒಂದು ಪುಟ್ಟ ಲಖ್ನೋ ಕಟ್ಟಿಕೊಂಡು ಬದುಕುತ್ತಿದ್ದರು. ಹಾಡುಗಾರರಿಗೆ, ನರ್ತಕರಿಗೆ, ಕವಿಗಳಿಗೆ ಅಲ್ಲಿ ಆಶ್ರಯವಿತ್ತು. ಮಲ್ಕಾ ಜಾನ್ ಸ್ವತಃ ಉರ್ದು ಕವಯಿತ್ರಿ, 1886ರಲ್ಲಿ ಅವರ ಕವನ ಸಂಗ್ರಹ ಅಚ್ಚಾಯಿತು. ಮಗಳಿಗೆ ಉಸ್ತಾದರನ್ನು ಹುಡುಕಿ ಹಾಡು ಕಲಿಸಿದರು. ಕಥಕ್ ಹೇಳಿಕೊಟ್ಟವರು ಲಖ್ನೋದ ಬಿಂದಾದಿನ್ ಮಹಾರಾಜ್. ಹದಿನಾಲ್ಕರ ಹುಡುಗಿ 1887ರಲ್ಲಿ ದರ್ಭಂಗಾದ ಅರಮನೆಯಲ್ಲಿ ಮೊದಲ ಬಾರಿಗೆ ಹಾಡಿದಳು.

ತಾಯಿ ಮಗಳ ವೃತ್ತಿ ಯಾವುದು ಎಂಬುದನ್ನು ಮುಚ್ಚಿಟ್ಟು ಬರೆಯಲು ನನಗೆ ಇಷ್ಟವಿಲ್ಲ. ಅವರು ತವಾಯಫರು. ಶ್ರೀಮಂತರ ಮೆಹಫಿಲ್‌ಗಳಲ್ಲಿ ಹಾಡಿ, ಕುಣಿದು ಬದುಕಿದವರು. ಅದನ್ನು ಮಾದರಿಯ ಬದುಕು ಎಂದು ನಾನು ಹೇಳುತ್ತಿಲ್ಲ. ಆದರೆ ಒಂದು ಪ್ರಶ್ನೆ ನನ್ನನ್ನು ಬಿಡುವುದಿಲ್ಲ. 1879ರಲ್ಲಿ ಆರು ವರ್ಷದ ಮಗುವನ್ನು ಎದೆಗವಚಿಕೊಂಡು ಹೊರಬಿದ್ದ, ಓದುಬರಹ ಬಲ್ಲ, ಹಾಡಬಲ್ಲ ಒಬ್ಬ ಹೆಣ್ಣಿಗೆ ಬೇರೆ ಯಾವ ಬಾಗಿಲು ತೆರೆದಿತ್ತು? ಶಿಕ್ಷಕಿಯ ಕೆಲಸ ಇತ್ತೇ? ಹೊಲಿಗೆ ಯಂತ್ರ ಇತ್ತೇ? ಇಂದಿಗೂ ತಲಾಖ್ ಆದ ಮಗಳನ್ನು ತವರಿನವರು ಒಳಗೆ ಕರೆಯುವ ಮೊದಲು ಎಷ್ಟು ಲೆಕ್ಕ ಹಾಕುತ್ತಾರೆಂದು ನಮಗೆ ಗೊತ್ತು.

ಇನ್ನು ಆಕೆಯನ್ನು ಚರಿತ್ರೆಗೆ ಸೇರಿಸಿದ ಘಟನೆಗೆ ಬರುತ್ತೇನೆ. 1902ರಲ್ಲಿ ಗ್ರಾಮಫೋನ್ ಕಂಪೆನಿಯ ಫ್ರೆಡ್ ಗೈಸ್‌ಬರ್ಗ್ ಎಂಬವರು ಧ್ವನಿಮುದ್ರಣದ ಸಲಕರಣೆಗಳೊಂದಿಗೆ ಕಲ್ಕತ್ತಕ್ಕೆ ಬಂದರು. ಒಂದು ಹೋಟೆಲಿನ ಕೋಣೆಯೇ ಸ್ಟುಡಿಯೋ ಆಯಿತು. ಗೌಹರ್ ಜಾನ್ ಭಾರತದ ಮೊಟ್ಟಮೊದಲ ಧ್ವನಿಮುದ್ರಿಕೆಯ ಗಾಯಕಿ ಎಂದು ಹಲವು ಕಡೆ ಬರೆದಿರುತ್ತಾರೆ. ಅದು ಪೂರ್ತಿ ನಿಜವಲ್ಲ. ಆಕೆಗಿಂತ ಕೆಲವು ದಿನ ಮೊದಲು ನಾಟಕ ಕಂಪೆನಿಯ ಇಬ್ಬರು ಹುಡುಗಿಯರು, ಶಶಿಮುಖಿ ಮತ್ತು ಫಣಿಬಾಲಾ, ಅದೇ ಊರಿನಲ್ಲಿ ಹಾಡಿದ್ದರು. ಆದರೆ ಅವರ ಹಾಡಿನಿಂದ ಗೈಸ್‌ಬರ್ಗ್‌ಗೆ ತೃಪ್ತಿಯಾಗಲಿಲ್ಲ. ಒಂದು ಸರದಿಗೆ ಮೂರು ಸಾವಿರ ರೂಪಾಯಿ ಕೇಳಿ, ಮೈತುಂಬ ಒಡವೆ ತೊಟ್ಟು, ಬಳಗದೊಂದಿಗೆ ಬಂದ ಗೌಹರ್ ಜಾನ್‌ರಿಂದ ಈ ದೇಶದ ಧ್ವನಿಮುದ್ರಣದ ವ್ಯಾಪಾರ ನೆಲೆ ಕಂಡಿತು.

ಆಗ ಮೈಕ್ ಇರಲಿಲ್ಲ. ಮೈಕಿನಿಂದ ಮುದ್ರಿಸುವ ವಿಧಾನ ಬಂದದ್ದು 1925ರ ಹೊತ್ತಿಗೆ. ಗೋಡೆಯಿಂದ ಹೊರಚಾಚಿದ ದೊಡ್ಡ ತುತ್ತೂರಿಯಂಥ ಕೊಳವೆಯ ಬಾಯಿಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕು. ದನಿಯ ಕಂಪನಕ್ಕೆ ಆ ತುದಿಯಲ್ಲಿ ಒಂದು ಮುಳ್ಳು ಅಲುಗಿ, ತಿರುಗುವ ಮೇಣದ ಬಿಲ್ಲೆಯ ಮೇಲೆ ಗೀರು ಕೊರೆಯುತ್ತದೆ. ಕೆಮ್ಮುವಂತಿಲ್ಲ, ತಲೆ ತಿರುಗಿಸುವಂತಿಲ್ಲ. ಮೆಹಫಿಲ್‌ನಲ್ಲಿ ಗಂಟೆಗಟ್ಟಲೆ ಹಾಡುತ್ತಿದ್ದ ರಾಗವನ್ನು ಸುಮಾರು ಮೂರು ನಿಮಿಷದಲ್ಲಿ ಮುಗಿಸಬೇಕು. ಈ ಯಂತ್ರಕ್ಕೆ ಹಾಡಿದರೆ ದನಿ ಬತ್ತಿಹೋಗುತ್ತದೆ ಎಂದು ದೊಡ್ಡ ದೊಡ್ಡ ಉಸ್ತಾದರು ದೂರ ನಿಂತರು. ಗೌಹರ್ ಜಾನ್ ಮಾತ್ರ ಆ ಮೂರು ನಿಮಿಷದ ಲೆಕ್ಕವನ್ನು ಬೇಗ ಕಲಿತುಕೊಂಡರು. ನಿಧಾನದ ಆಲಾಪ, ನಡುವಿನ ಹಾಡು, ಕೊನೆಯ ವೇಗದ ತಾನಗಳು, ಎಲ್ಲವನ್ನೂ ಅಷ್ಟರಲ್ಲೇ ತುಂಬಿಸಿದರು. ಅಡುಗೆಮನೆಯಲ್ಲಿ ಇರುವ ಅರ್ಧ ಗಂಟೆಯಲ್ಲಿ ನೆಂಟರಿಗೆ ಪೂರ್ತಿ ಊಟ ಸಿದ್ಧಮಾಡುವವರಿಗೆ ಈ ಜಾಣ್ಮೆ ಏನೆಂದು ಬಿಡಿಸಿ ಹೇಳಬೇಕಿಲ್ಲ.

ಆ ಮೇಣದ ಬಿಲ್ಲೆಗಳನ್ನು ಹಡಗಿನಲ್ಲಿ ಜರ್ಮನಿಯ ಹ್ಯಾನೋವರ್‌ಗೆ ಕಳುಹಿಸುತ್ತಿದ್ದರು. ತಟ್ಟೆಗಳನ್ನು ಅಲ್ಲಿ ಅಚ್ಚೊತ್ತಿ ಮರಳಿ ಇಲ್ಲಿಗೆ ತರುತ್ತಿದ್ದರು. ಆ ತಟ್ಟೆಗಳಲ್ಲಿದ್ದ ಮುಖ್ಯ ವಸ್ತು ಅರಗು, ಬಳೆಗೆ, ಚನ್ನಪಟ್ಟಣದ ಬೊಂಬೆಗೆ ಬಳಸುವ ಅದೇ ಅರಗು. ಹ್ಯಾನೋವರಿನ ಕೆಲಸಗಾರರಿಗೆ ಉರ್ದು ಗೊತ್ತಿಲ್ಲ, ಬಂಗಾಳಿ ಗೊತ್ತಿಲ್ಲ. ಯಾವ ತಟ್ಟೆ ಯಾರದ್ದೆಂದು ತಿಳಿದು ಚೀಟಿ ಅಂಟಿಸುವುದು ಹೇಗೆ? ಅದಕ್ಕಾಗಿ ಹಾಡು ಮುಗಿದ ಕೂಡಲೇ ಹಾಡಿದವರು ತಮ್ಮ ಹೆಸರನ್ನು ಗಟ್ಟಿಯಾಗಿ ಹೇಳಬೇಕಿತ್ತು. ಆ ಹಳೆಯ ತಟ್ಟೆಗಳನ್ನು ಇಂದು ಮೊಬೈಲಿನಲ್ಲೂ ಕೇಳಬಹುದು. ಗೀಸುಗೀಸು ಸದ್ದಿನ ನಡುವೆ ಹಾಡು ನಿಲ್ಲುತ್ತದೆ. ಮರುಕ್ಷಣವೇ ಇಂಗ್ಲಿಷಿನಲ್ಲಿ ಒಂದು ಉತ್ಸಾಹದ ದನಿ: "ಮೈ ನೇಮ್ ಈಸ್ ಗೌಹರ್ ಜಾನ್!"

ಮೊದಲ ಬಾರಿಗೆ ಅದನ್ನು ನನಗೆ ಕೇಳಿಸಿದ್ದು ನನ್ನ ತಂಗಿಯ ಮಗಳು. ಅಮ್ಮಿ ಪಕ್ಕದಲ್ಲಿ ತಸ್ಬೀಹ್ ಹಿಡಿದು ಕೂತಿದ್ದರು. "ಕೊನೆಗೆ ಏನೋ ಕೂಗಿದಳಲ್ಲ, ಏನದು?" ಎಂದರು. ಹೆಸರು ಎಂದೆ. "ಯಾರ ಹೆಸರು?" ಆಕೆಯದ್ದೇ ಎಂದೆ. "ತನ್ನ ಹೆಸರನ್ನು ತಾನೇ ಹಾಗೆ ಕೂಗಿ ಹೇಳಿದಳಾ?" ಎಂದು ಅಮ್ಮಿ ಸ್ವಲ್ಪ ಹೊತ್ತು ತಸ್ಬೀಹ್ ನಿಲ್ಲಿಸಿದರು. ಬಳಿಕ "ಇನ್ನೊಮ್ಮೆ ಹಾಕು" ಎಂದರು.

ಆ ತಟ್ಟೆಗಳು ಮಾಡಿದ ಇನ್ನೊಂದು ಕೆಲಸವಿದೆ. ಅದುವರೆಗೆ ಇಂಥ ಹಾಡುಗಾರಿಕೆ ಗಂಡಸರು ಹೋಗಿ ಕೂತು ಕೇಳುವ ವಸ್ತುವಾಗಿತ್ತು. ಮರ್ಯಾದಸ್ಥರ ಮನೆಯ ಹೆಂಗಸರಿಗೆ ಅದು ಗೋಡೆಯಾಚೆಯ ಸಂಗತಿ. ಗ್ರಾಮಫೋನ್ ಬಂದ ಬಳಿಕ ಆ ದನಿ ಪರದೆಯೊಳಗಿನ ಹೆಂಗಸರ ಕಿವಿಗೂ ತಲುಪಿತು. ಹಾಡು ಮನೆಯೊಳಗೆ ಬಂತು, ಹಾಡಿದವಳಿಗೆ ಮಾತ್ರ ಹೊಸ್ತಿಲು ದಾಟುವ ಅವಕಾಶವಿರಲಿಲ್ಲ.

ಮುಂದಿನ ಇಪ್ಪತ್ತು ವರ್ಷಗಳಲ್ಲಿ ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಸುಮಾರು 600 ಹಾಡುಗಳು ಆಕೆಯ ದನಿಯಲ್ಲಿ ಮುದ್ರಣಗೊಂಡವು. ಬೆಂಕಿಪೊಟ್ಟಣದ ಮೇಲೆ ಆಕೆಯ ಚಿತ್ರ ಬಂತು. 1911ರ ದೆಹಲಿ ದರ್ಬಾರಿನಲ್ಲಿ ಐದನೇ ಜಾರ್ಜ್ ದೊರೆಯ ಮುಂದೆ ಅಲಹಾಬಾದಿನ ಜಾನಕಿ ಬಾಯಿಯವರ ಜೊತೆ ಹಾಡಿದರು. ಗಾಂಧೀಜಿಯ ಬಗ್ಗೆ ಒಂದು ಕಥೆಯೂ ಇದೆ. ಸ್ವರಾಜ್ಯ ನಿಧಿಗೆ ಹಣ ಕೂಡಿಸಿಕೊಡಲು ಕೇಳಿದಾಗ, ನೀವೇ ಕಚೇರಿಗೆ ಬಂದು ಕೂರುವುದಾದರೆ ಹಾಡುತ್ತೇನೆ ಎಂದರಂತೆ. ಗಾಂಧೀಜಿಗೆ ಬರಲಾಗಲಿಲ್ಲ. ಕೂಡಿದ 24 ಸಾವಿರದಲ್ಲಿ ಅರ್ಧವನ್ನು ಮಾತ್ರ ಕೊಟ್ಟು, ಅವರು ಅರ್ಧ ಮಾತು ಉಳಿಸಿಕೊಂಡಿದ್ದಾರೆ, ನಾನೂ ಅರ್ಧ ಕೊಡುತ್ತೇನೆ ಎಂಬರ್ಥದ ಮಾತು ಹೇಳಿ ಕಳುಹಿಸಿದರಂತೆ. ನಡೆದದ್ದು ಹೀಗೆಯೇ ಎಂದು ನಾನು ಆಣೆಯಿಡಲಾರೆ. ಆದರೆ ಜನ ಆಕೆಯನ್ನು ಎಂಥ ಹೆಣ್ಣೆಂದು ನೆನಪಿಟ್ಟುಕೊಂಡರು ಎಂಬುದಕ್ಕೆ ಈ ಕಥೆ ಸಾಕ್ಷಿ.

ಅಷ್ಟು ಹೆಸರು ಮಾಡಿದವರು ತಾನು ಯಾರ ಮಗಳು ಎಂದು ನ್ಯಾಯಾಲಯದಲ್ಲಿ ರುಜುವಾತು ಮಾಡಬೇಕಾಗಿ ಬಂತು. 1906ರಲ್ಲಿ ಮಲ್ಕಾ ಜಾನ್ ತೀರಿಕೊಂಡ ಬಳಿಕ, ಮನೆಯಲ್ಲೇ ಬೆಳೆದ ಕೆಲಸದವಳ ಮಗ ಭಗ್ಲು ಎಂಬಾತ ತಾನೇ ಮಲ್ಕಾ ಜಾನ್‌ರ ನಿಜವಾದ ವಾರಸುದಾರ ಎಂದು ಆಸ್ತಿಗಾಗಿ ದಾವೆ ಹೂಡಿದ. ಗೌಹರ್ ಜಾನ್, ಬಾಲ್ಯದಲ್ಲೇ ಬಿಟ್ಟುಹೋದ ತಂದೆಯನ್ನು ಹುಡುಕಿಸಿ ಸಾಕ್ಷಿ ಹೇಳಿಸಬೇಕಾಯಿತು. ತಂದೆ ಬಂದು, ಹೌದು, ಇವಳು ನನ್ನ ಮಗಳು ಎಂದ ಮೇಲೆ ದಾವೆ ಗೆದ್ದರು. ಬಳಿಕ ತನ್ನ ಕಾರ್ಯದರ್ಶಿಯಾಗಿದ್ದು ಸಂಗಾತಿಯೂ ಆದ ಸೈಯದ್ ಗುಲಾಮ್ ಅಬ್ಬಾಸ್ ಜೊತೆಗೆ ಇನ್ನೊಂದು ದಾವೆ, ಅದೂ ಆಸ್ತಿಯದ್ದೇ. ಕಲ್ಕತ್ತದ ಮನೆಗಳು, ಒಡವೆಗಳು, ಹಣ, ಒಂದೊಂದೇ ವಕೀಲರ ಫೀಸಿನಲ್ಲಿ ಕರಗಿದವು.

ಈ ಪ್ರಕರಣ ಓದುವಾಗ ನನಗೆ ಮದ್ರಸದ ಪಾಠಗಳು ನೆನಪಾಗುತ್ತವೆ. ಹದೀಸ್ ವರದಿಗಾರರ ಗ್ರಂಥಗಳಲ್ಲಿ ಹೆಣ್ಣುಮಕ್ಕಳು ಅವರವರ ಹೆಸರಿನಿಂದಲೇ ಇದ್ದಾರೆ. ಹಝ್ರತ್ ಆಯಿಶಾ ಮದುವೆಯಾದ ಬಳಿಕವೂ ಅಬೂಬಕರ್‌ರ ಮಗಳು ಆಯಿಶಾ ಎಂದೇ ಉಳಿದರು. ಹಿಜರಿ ಐದನೇ ಶತಮಾನದಲ್ಲಿ ಮಕ್ಕಾದಲ್ಲಿ ಸಹೀಹ್ ಬುಖಾರಿ ಪಾಠ ಹೇಳುತ್ತಿದ್ದ ಕರೀಮಾ ಅಲ್ ಮರ್ವಝಿಯ್ಯಾರ ಮುಂದೆ ದೂರದೂರದ ವಿದ್ವಾಂಸರು ಬಂದು ಕೂರುತ್ತಿದ್ದರು, ಆಕೆಯ ಹೆಸರನ್ನು ತಮ್ಮ ಸನದಿನಲ್ಲಿ ಗೌರವದಿಂದ ಬರೆದುಕೊಳ್ಳುತ್ತಿದ್ದರು. ಹೆಸರು ಹೇಳಲು ನಾಚಬೇಕೆಂದು ನಮ್ಮ ಹೆಣ್ಣುಮಕ್ಕಳಿಗೆ ಕಲಿಸಿದ್ದು ಯಾವ ಕಿತಾಬು? ಎಷ್ಟು ಹುಡುಕಿದರೂ ನನಗೆ ಸಿಕ್ಕಿಲ್ಲ.

ಮೈಸೂರಿಗೆ ಬರೋಣ. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಗೌಹರ್ ಜಾನ್‌ರನ್ನು ಆಸ್ಥಾನ ಗಾಯಕಿಯಾಗಿ ನೇಮಿಸಿದರು. ಆಗಸ್ಟ್ 1ರಿಂದ ತಿಂಗಳಿಗೆ 500 ರೂಪಾಯಿ ಸಂಬಳ, ಇರಲು ದಿಲ್‌ಖುಷ್ ಎಂಬ ಕಾಟೇಜು. ಒಂದು ರಾತ್ರಿಯ ಕಚೇರಿಗೇ ಅದರ ಎರಡರಷ್ಟು ಪಡೆಯುತ್ತಿದ್ದರು ಎನ್ನಲಾದ ಹೆಣ್ಣಿಗೆ ತಿಂಗಳ ಸಂಬಳ ಅದು. ಆದರೂ ಐವತ್ತೈದರ ವಯಸ್ಸಿನಲ್ಲಿ, ಆಪ್ತರೆನ್ನುವವರು ಯಾರೂ ಉಳಿಯದಿದ್ದಾಗ, ಒಂದು ಸೂರು ಮತ್ತು ತಿಂಗಳಿಗೊಮ್ಮೆ ಬರುವ ಹಣ ಎಂದರೆ ಸಣ್ಣ ಮಾತಲ್ಲ. ದಿಲ್‌ಖುಷ್ ಎಂದರೆ ಸಂತುಷ್ಟ ಮನಸ್ಸು. ಆಕೆಗೆ ಅಲ್ಲಿ ದೊರೆತದ್ದು ಒಂದೂವರೆ ವರ್ಷವೂ ತುಂಬದ ಕಾಲ. 1930ರ ಜನವರಿ 17ರಂದು ಐವತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡರು.

ಆ ಬಳಿಕ ದೇಶ ಆಕೆಯನ್ನು ಬಹುಕಾಲ ಮರೆತಿತ್ತು. ಬೆಂಗಳೂರಿನ ಇತಿಹಾಸಕಾರ ವಿಕ್ರಮ್ ಸಂಪತ್ ಒಡೆಯರ ಬಗ್ಗೆ ಸಂಶೋಧನೆ ಮಾಡುತ್ತಿದ್ದಾಗ ಮೈಸೂರಿನ ಹಳೆಯ ಕಡತಗಳಲ್ಲಿ ಗೌಹರ್ ಜಾನ್‌ಗೆ ಸಂಬಂಧಿಸಿದ ಪತ್ರಗಳು ಕಣ್ಣಿಗೆ ಬಿದ್ದವು. ಆ ಎಳೆ ಹಿಡಿದು ಹೋಗಿ ಅವರು ಬರೆದ ಜೀವನಚರಿತ್ರೆ 2010ರಲ್ಲಿ ಹೊರಬಂತು. ಪುಸ್ತಕದ ಹೆಸರೇ ಆಕೆ ತಟ್ಟೆಯ ಕೊನೆಯಲ್ಲಿ ಹೇಳುತ್ತಿದ್ದ ಆ ವಾಕ್ಯ. ಮೈಸೂರಿನ ಯಾವ ಕಬರಸ್ತಾನದಲ್ಲೂ ಇದೇ ಆಕೆಯ ಕಬರ್ ಎಂದು ಬೊಟ್ಟು ಮಾಡಿ ತೋರಿಸಿದವರನ್ನು ನಾನು ಕಂಡಿಲ್ಲ. ತವರಿಗೆ ಹೋದಾಗಲೆಲ್ಲ ಕಬರಸ್ತಾನದ ಹೊರಗೆ ನಿಂತು ಎಲ್ಲರಿಗಾಗಿ ಮಾಡುವ ದುಆದಲ್ಲಿ ಈಗ ಆಕೆಯ ಹೆಸರನ್ನೂ ಸೇರಿಸುತ್ತೇನೆ.

ಗೌಹರ್ ಜಾನ್ ತೀರಿಕೊಂಡ ನಂತರ ಬಂದ ಕಾಲವೂ ವಿಚಿತ್ರವಾದದ್ದು. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಆಕಾಶವಾಣಿಯವರು, ಖಾಸಗಿ ಬದುಕಿನ ಬಗ್ಗೆ ಅಪವಾದವಿರುವ ಹೆಂಗಸರು ರೇಡಿಯೋದಲ್ಲಿ ಹಾಡಬಾರದೆಂದು ಬಾಗಿಲು ಹಾಕಿದರು. ಹಾಡುವ ಹೆಂಗಸರಲ್ಲಿ ಅನೇಕರು ಹೆಸರಿನ ಕೊನೆಯ 'ಜಾನ್', 'ಬಾಯಿ' ಕಿತ್ತುಹಾಕಿ 'ಬೇಗಮ್', 'ದೇವಿ' ಸೇರಿಸಿಕೊಂಡರು. ಅಖ್ತರಿ ಬಾಯಿ ಫೈಝಾಬಾದಿ ಎಂದು ಹೆಸರಾಗಿದ್ದವರು ಲಖ್ನೋದ ಬ್ಯಾರಿಸ್ಟರರನ್ನು ಮದುವೆಯಾಗಿ ಕೆಲವು ವರ್ಷ ಹಾಡನ್ನೇ ಬಿಟ್ಟು, ಮರಳಿ ಬಂದಾಗ ಬೇಗಮ್ ಅಖ್ತರ್ ಆಗಿದ್ದರು. ಕಂಠ ಅದೇ, ಕಲಿತ ವಿದ್ಯೆ ಅದೇ. ಅದೇ ರೇಡಿಯೋದಲ್ಲಿ ಹಾಡುತ್ತಿದ್ದ ಗಂಡಸರ ಖಾಸಗಿ ಬದುಕನ್ನು ಯಾರಾದರೂ ವಿಚಾರಿಸಿದರೇ?

ಜನವರಿ 17 ಇನ್ನೂ ಇಬ್ಬರದ್ದು. 1945ರ ಆ ದಿನ ಗ್ವಾಲಿಯರ್‌ನಲ್ಲಿ ಗೀತರಚನೆಕಾರ ಜಾವೇದ್ ಅಖ್ತರ್ ಹುಟ್ಟಿದರು. ನಮ್ಮ ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣವಾದ ಶೋಲೆಯ ಕಥೆ ಬರೆದ ಜೋಡಿಯಲ್ಲಿ ಒಬ್ಬರು, ಹಾಡು ಬರೆಯಲು ಆರಂಭಿಸಿದ್ದು 1981ರ ಸಿಲ್‌ಸಿಲಾದಿಂದ. ಅವರ ಬಗ್ಗೆ ಎಲ್ಲರೂ ಬಲ್ಲರು, ನಾನು ಅವರ ತಾಯಿಯನ್ನು ನೆನೆಯುತ್ತೇನೆ. ಸಫಿಯಾ ಅಖ್ತರ್, ಕವಿ ಮಜಾಝ್‌ರ ತಂಗಿ. ಗಂಡ ಜಾನ್ ನಿಸಾರ್ ಅಖ್ತರ್ ಮುಂಬೈಯಲ್ಲಿ ಚಿತ್ರರಂಗದಲ್ಲಿ ನೆಲೆಯಾಗಲು ಒದ್ದಾಡುತ್ತಿದ್ದಾಗ ಭೋಪಾಲದ ಹಮೀದಿಯಾ ಕಾಲೇಜಿನಲ್ಲಿ ಪಾಠ ಹೇಳಿ, ಎರಡು ಗಂಡುಮಕ್ಕಳನ್ನು ಸಾಕಿ, ಕಾಯಿಲೆಯನ್ನೂ ಹೊತ್ತುಕೊಂಡು ಗಂಡನಿಗೆ ಪತ್ರ ಬರೆದರು. 1953ರ ಜನವರಿಯಲ್ಲಿ ಹಿರಿಯ ಮಗನಿಗೆ ಎಂಟು ತುಂಬುವ ಹೊತ್ತಿಗೆ ತೀರಿಕೊಂಡರು. ಆ ಪತ್ರಗಳು ಬಳಿಕ ಎರಡು ಪುಸ್ತಕಗಳಾದವು. ಅದರಲ್ಲೊಂದರ ಹೆಸರು 'ಝೇರ್-ಎ-ಲಬ್', ಅಂದರೆ ತುಟಿಯೊಳಗಿನ ಮಾತು. ಉರ್ದು ಬಲ್ಲ ಸಹೋದರಿಯರು ಸಿಕ್ಕರೆ ಓದಿ.

ಇನ್ನೊಬ್ಬರು ಉಸ್ತಾದ್ ಗುಲಾಮ್ ಮುಸ್ತಫಾ ಖಾನ್. 2021ರ ಜನವರಿ 17ರಂದು, 89ರ ವಯಸ್ಸಿನಲ್ಲಿ ಮುಂಬೈಯಲ್ಲಿ ನಿಧನರಾದರು. 2018ರಲ್ಲಿ ಪದ್ಮವಿಭೂಷಣ ಪಡೆದವರು. ಹರಿಹರನ್, ಸೋನು ನಿಗಮ್, ಎ.ಆರ್. ರಹಮಾನ್ ಇವರೆಲ್ಲ ಅವರಲ್ಲಿ ಕಲಿತವರು. ರಾಮ್‌ಪುರ್ ಸಹಸ್ವಾನ್ ಘರಾನಾದ ಹಿರಿಯ ಎಂದು ಪತ್ರಿಕೆಗಳು ಬರೆದವು. ಆ ಘರಾನಾವನ್ನು ಸ್ಥಾಪಿಸಿದ ಉಸ್ತಾದ್ ಇನಾಯತ್ ಹುಸೇನ್ ಖಾನ್ ಅವರ ತಾಯಿಯ ತಂದೆ. ಅಂದರೆ ಆ ರಕ್ತ ಅವರಿಗೆ ಬಂದದ್ದು ತಾಯಿಯಿಂದ. ಆಕೆ ಸಾಬ್ರಿ ಬೇಗಮ್. ಘರಾನಾಗಳ ವಂಶವೃಕ್ಷದ ಚಿತ್ರಗಳನ್ನು ನೋಡಿದ್ದೀರಾ? ಅಜ್ಜನಿಂದ ಮೊಮ್ಮಗನಿಗೆ ಒಂದು ಗೆರೆ ಎಳೆದಿರುತ್ತಾರೆ. ಆ ಗೆರೆ ಒಬ್ಬ ಹೆಣ್ಣುಮಗಳು.

ಇದನ್ನು ಬರೆಯುವಾಗ ನಮ್ಮದೇ ಮನೆಯ ಶಜರಾ ತೆಗೆದು ನೋಡಿದೆ. ಅಬ್ಬಾಜಾನ್ ತಮ್ಮ ಚೆಂದದ ಉರ್ದು ಅಕ್ಷರದಲ್ಲಿ ಏಳು ತಲೆಮಾರು ಬರೆದಿಟ್ಟಿದ್ದಾರೆ. ಎಲ್ಲ ಗಂಡಸರು. ದಾದಿಯ ಹೆಸರು ನನಗೆ ಗೊತ್ತು, ದಾದಿಯ ತಾಯಿಯ ಹೆಸರು ಗೊತ್ತಿಲ್ಲ. ಅಮ್ಮಿಗೂ ಗೊತ್ತಿಲ್ಲ. ಶಿವಮೊಗ್ಗದಲ್ಲಿರುವ ದೊಡ್ಡ ಫುಪ್ಪುವಿಗೆ ಫೋನ್ ಮಾಡಿದೆ. ಅವರಿಗೆ ಎಂಬತ್ತಾರು.

"ನಾವೆಲ್ಲ ನಾನಿಮಾ ಅಂತ ಕರೆಯುತ್ತಿದ್ದೆವು ಕಣೇ. ಊರವರು ಮುನ್ಶಿ ಮನೆಯವರು ಅನ್ನುತ್ತಿದ್ದರು. ಹೆಸರು... ಹೆಸರು ಏನೋ ಇತ್ತು. ತಾಳು, ಇಶಾ ನಮಾಝ್ ಮುಗಿಸಿ ನೆನಪು ಮಾಡಿ ಹೇಳುತ್ತೇನೆ" ಎಂದರು.

ಎರಡು ವಾರವಾಯಿತು. ದಿನಾ ಇಶಾ ಬಳಿಕ ಅವರೇ ಫೋನ್ ಮಾಡುತ್ತಾರೆ. ನಾನಿಮಾ ಮಾಡುತ್ತಿದ್ದ ಖೀರಿನ ಬಗ್ಗೆ, ಅವರ ಕೈಯ ಬೆಳ್ಳಿಯ ಬಳೆಗಳ ಬಗ್ಗೆ, ಪ್ಲೇಗ್ ಬಂದಾಗ ಮಕ್ಕಳನ್ನು ಕರೆದುಕೊಂಡು ತೋಟದ ಗುಡಿಸಲಿಗೆ ಹೋದದ್ದರ ಬಗ್ಗೆ ಹೇಳುತ್ತಾರೆ. ಹೆಸರು ಇನ್ನೂ ನೆನಪಾಗಿಲ್ಲ.